ಗುಳ್ಳೆ ಏಳದ ನೀರು

ಆಸ್ಪತ್ರೆಯ ಅಂಗಳದಲ್ಲಿ ಆಂಬುಲೆನ್ಸಿನ ಹಿಂಬಾಗಿಲು ತೆರೆದಾಗ ರಾಚವ್ವನ ತುಟಿಗಳು ನೀಲಿಯಾಗಿದ್ದವು. ಮೂಗಿನ ಮೇಲೆ ಮಾಸ್ಕ್ ಇತ್ತು. ಉಸಿರು ಇರಲಿಲ್ಲ.

2009ರ ಮೇ ತಿಂಗಳು, ನಡು ಮಧ್ಯಾಹ್ನ. ಸಾಲಹಳ್ಳಿಯಿಂದ ರಾಮದುರ್ಗಕ್ಕೆ ಬಂದ ಗಾಡಿ ಅದು.

“ಈ ಹುಡುಗಿ ಆಕ್ಸಿಜನ್ ಚಾಲೂ ಮಾಡಿಲ್ಲ. ನಮ್ಮವ್ವನ್ನ ಕೊಂದಾಳ,” ಎಂದ ಮಗ ಗಂಗಯ್ಯ.

ಹುಡುಗಿ ಎಂದರೆ ಪೂನಮ್. ಎರಡು ವರ್ಷದಿಂದ ಗಾಡಿಯ ಸಹಾಯಕಿ. ಸ್ಟ್ರೆಚರ್ ಹೊತ್ತವಳು, ರಕ್ತ ತೊಳೆದವಳು. ಪ್ಯಾರಾಮೆಡಿಕ್ ತರಬೇತಿ ಸೇರಿ ನಾಲ್ಕೇ ವಾರ. ಐದು ದಿನ ಡ್ಯೂಟಿ, ಎರಡು ದಿನ ಬಸ್ಸು ಹತ್ತಿ ಬೈಲಹೊಂಗಲದ ಕ್ಲಾಸು. ಅವಳ ಕೇರಿಯಿಂದ ಅಂಥ ಕ್ಲಾಸಿಗೆ ಕೂತವರು ಇನ್ನೊಬ್ಬರಿಲ್ಲ.

ಸೂಪರ್‌ವೈಸರ್ ಫೋನು ಬಂತು. ತಪ್ಪು ತನ್ನದಲ್ಲವೆಂದು ಪೂನಮ್ ಸಂಜೆಯೊಳಗೆ ತೋರಿಸಬೇಕು. ಇಲ್ಲವಾದರೆ ಕೆಲಸವೂ ಇಲ್ಲ, ತರಬೇತಿಯೂ ಇಲ್ಲ.

*

ಗಂಗಯ್ಯನ ದೂರಿಗೆ ಬಂದ ಪೊಲೀಸ್ ಫೌಜದಾರ ಬೀರಪ್ಪ ಮೊದಲು ಹಿಡಿದದ್ದು ಡ್ರೈವರ್ ಲಗಮಣ್ಣನನ್ನು. ತುಂಬಿದ ಸಿಲಿಂಡರ್ ಮಾರಿ ಖಾಲಿಯದು ಹಾಕಿದ್ದಾನೆ ಎಂಬ ಗುಮಾನಿ. ಲಗಮಣ್ಣ ನೆಲ ನೋಡುತ್ತ ನಿಂತ.

ಪೂನಮ್ ತನ್ನ ವಹಿ ತಂದಳು. ಹೊರಡುವಾಗ ಸಿಲಿಂಡರಿನ ಮುಳ್ಳು ನೂರರಲ್ಲಿತ್ತು ಎಂದು ಬರೆದಿದ್ದಳು. ಈಗ ಎಂಬತ್ತು. ಸಿಲಿಂಡರಿನ ನಂಬರೂ ಅದೇ.

“ಗಾಳಿ ಖರ್ಚಾಗೇತ್ರಿ ಸಾಹೇಬ್ರ. ಅಜ್ಜಿ ಮೂಗಿಗೆ ಮುಟ್ಟಿಲ್ಲ. ನಡುವ ಎಲ್ಲೋ ಸೋರೇತಿ.”

“ನೀ ಹಿಂದ ಕುಂತು ಏನ್ ಮಾಡಾಕ್ಹತ್ತಿದ್ದಿ?”

“ನಾ ಮುಂದ ಕುಂತಿದ್ನಿರಿ.”

ಹಿಂದೆ ಮನೆಯವರು ಕೂರುತ್ತೇವೆ, ಜಾಗ ಇಲ್ಲ ಎಂದಿದ್ದ ಗಂಗಯ್ಯ. ಎದುರಾಡಿದರೆ ದೂರು ಹೋಗುತ್ತದೆ. ಅವಳು ಮಾಸ್ಕ್ ಹಾಕಿ, ಗಾಳಿ ಬಿಟ್ಟು, ಇಳಿದು ಮುಂದೆ ಹೋಗಿದ್ದಳು. ರೋಗಿಯ ತಲೆ ಬಿಟ್ಟು ಏಳಬಾರದು ಎಂಬುದು ಕ್ಲಾಸಿನ ಮೊದಲ ದಿನದ ಪಾಠ. ಅದನ್ನು ಹೇಳುವಾಗ ಅವಳ ದನಿ ಕುಗ್ಗಿತು.

*

ಪೂನಮ್ ಗಾಡಿ ಹತ್ತಿದಳು. ಫೌಜದಾರ ಹಿಂದೆಯೇ ಹತ್ತಿದ.

ಸಿಲಿಂಡರಿನಿಂದ ಬರುವ ಒಣ ಗಾಳಿ ಒಂದು ಸಣ್ಣ ನೀರಿನ ಬಾಟಲಿಯೊಳಗೆ ಹಾದು, ತೇವವಾಗಿ ಮಾಸ್ಕಿಗೆ ಹೋಗಬೇಕು. ಅವಳು ಕೀಲಿ ತಿರುವಿದಳು. ಗಾಳಿಯ ಅಳತೆ ತೋರಿಸುವ ಗಾಜಿನ ಕೊಳವೆಯ ಗುಂಡು ಮೇಲೆದ್ದಿತು. ಬಾಟಲಿಯ ನೀರಿನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

ಮುಚ್ಚಳದ ಅಂಚಿಗೆ ಒದ್ದೆ ಬೆರಳು ಹಿಡಿದಳು. ಸುಸ್ ಎಂದಿತು.

“ಮುಚ್ಚಳ ವಾರಿ, ಸೊಟ್ಟ ಕುಂತೇತ್ರಿ. ಗಾಳಿ ಎಲ್ಲಾ ನೀರಿಗಿಳಿಯೂದಕ್ಕ ಮೊದ್ಲ ಇಲ್ಲೇ ಹೋಗೇತಿ. ಗುಂಡು ನೋಡಿದವ್ರು ನಡದೈತಿ ಅನ್ಕೋತಾರ. ನೋಡಬೇಕಾದ್ದು ಗುಳ್ಳಿ.”

“ವಾರಿ ಹಾಕಿದಾಕಿ ನೀನಽ ಇರಬಹುದಲ್ಲ?”

“ನಾ ಹಾಕೂದು ಅರ್ಧಕ್ಕ, ಈ ಗೆರಿ ತನಕ. ಡಿಸ್ಟಿಲ್ಡ್ ನೀರು. ಇದು ಕುತ್ತಿಗಿ ಮಟ ಐತಿ. ತಳದಾಗ ನೋಡ್ರಿ.”

ತಳದಲ್ಲಿ ಬೂದಿ ಕೂತಿತ್ತು. ವಿಭೂತಿ.

ಸ್ಟ್ರೆಚರಿನ ಕೆಳಗೆ ಒಂದು ತಾಮ್ರದ ತಂಬಿಗೆ ಉರುಳಿತ್ತು. ಅದರ ಕೊರಳಿಗೂ ಮೂರು ಬೆರಳಿನ ವಿಭೂತಿ.

ಅವ್ವನಿಗೆ ಕುಡಿಸಲಿಕ್ಕೆ ತಂದದ್ದು ಎಂದ ಗಂಗಯ್ಯ, ಬಾಗಿಲ ಬಳಿ ನಿಂತು.

“ನಸುಕಿನಿಂದ ಗಂಟಲಾಗ ಒಂದು ಹನಿ ಇಳಿದಿಲ್ಲ ಅಂತ ಮನ್ಯಾಗ ನೀವಽ ಹೇಳಿದ್ರಿ,” ಎಂದಳು ಪೂನಮ್. ಆಮೇಲೆ ಡ್ರೈವರ್ ಕಡೆ ತಿರುಗಿದಳು. “ಲಗಮಣ್ಣ ಕಾಕಾ, ನಾ ಮುಂದ ಬಂದು ಕುಂತಾಗ ನೀ ಹಿಂದಿನ ಬಾಗಲಾ ಹಾಕಾಕ ಹೋಗಿದ್ದಿ. ಅಲ್ಲೇನಾತು ಅಂತ ಹೇಳು. ನನ್ನ ಅನ್ನದ ಮ್ಯಾಲ ಕಲ್ಲು ಬಿದ್ದೈತಿ.”

ಲಗಮಣ್ಣ ಗಂಗಯ್ಯನ ಕಡೆ ಒಮ್ಮೆ ನೋಡಿ ಬಾಯಿಬಿಟ್ಟ.

“ಬಾಟಲಿ ನೀರು ಯಾರು ತುಂಬ್ಯಾರ ಅಂತ ಗಂಗಯ್ಯನವ್ರು ಕೇಳಿದ್ರು. ನಮ್ಮ ಪೂನಮ್ ಅಂದ್ನಿ. ಯಾವ ಕೇರಿಯಾಕಿ ಅಂದ್ರು. ಹೇಳಿದ್ನಿ. ಬಾಟಲಿ ಬಿಚ್ಚಿ ನೀರು ಚೆಲ್ಲಿದ್ರು. ತಂಬಿಗಿದು ಹಾಕಿ ತಾವಽ ಮುಚ್ಚಿದ್ರು. ಊರಾನ ದೊಡ್ಡವರು. ನಾ ಬಾಯಿ ತಗೀಲಿಲ್ಲ.”

ಗಂಗಯ್ಯ ಅಲ್ಲಗಳೆಯಲಿಲ್ಲ. “ಆಕಿ ಮುಟ್ಟಿದ ನೀರಿನ ಗಾಳಿ ನಮ್ಮವ್ವನ ಬಾಯಾಗ ಹೆಂಗ ಬಿಡ್ಲಿ? ಮಡಿಲೆ ಬದುಕಿದಾಕಿ. ಮಡಿ ನೀರಽ ಹಾಕೇನಿ.”

ಪೂನಮ್ ಮುಚ್ಚಳ ಬಿಚ್ಚಿ ನೆಟ್ಟಗೆ ತಿರುವಿದಳು. ಬಾಟಲಿಯಲ್ಲಿ ಗುಳ್ಳೆಗಳು ಬುಳುಬುಳು ಎದ್ದವು. ಗಂಗಯ್ಯ ಅದನ್ನೇ ನೋಡಿದ. ಅಲ್ಲೇ ಗಾಡಿಯ ಮೆಟ್ಟಿಲ ಮೇಲೆ ಕೂತ.

*

ಬೀರಪ್ಪ ಕಾಗದ ತೆಗೆದ. ನಿರ್ಲಕ್ಷ್ಯದಿಂದಾದ ಸಾವು ಎಂದು ಬರೆಯತೊಡಗಿದ.

“ನಿರ್ಲಕ್ಷ್ಯ ಅಲ್ರಿ ಸಾಹೇಬ್ರ,” ಎಂದಳು ಪೂನಮ್. “ಜಾತಿ ಕೇಳಿ, ನೀರು ಚೆಲ್ಲಿ, ಮಡಿಲೆ ತುಂಬ್ಯಾರ. ಇಷ್ಟು ಕಾಳಜಿಲೆ ಮಾಡಿದ್ದಕ್ಕ ನಿರ್ಲಕ್ಷ್ಯ ಅಂತಾರೇನ್ರಿ? ನನ್ನ ದೂರು ಬ್ಯಾರೆ ಬರಕೋರಿ. ಜಾತಿ ಕೇಳಿದ್ದೂ ಅದರಾಗ ಬರಲಿ.”

ಫೌಜದಾರ ಅವಳನ್ನು ನೋಡಿದ. ಹೊಸ ಹಾಳೆ ತೆಗೆದ.

ಸಂಜೆ ಸೂಪರ್‌ವೈಸರ್ ಫೋನು ಮಾಡಿ, ಶನಿವಾರದ ಕ್ಲಾಸಿಗೆ ಹೋಗು ಎಂದ. ಅವಳಿಗೆ ಸಮಾಧಾನವಾಗಲಿಲ್ಲ. ತಾನು ಹಿಂದೆ ಕೂತಿದ್ದರೆ ಮುದುಕಿ ಬದುಕುತ್ತಿದ್ದಳು. ನೀರು ಚೆಲ್ಲಿಸಿದ್ದು ಜಾತಿ. ಆದರೂ ಎದ್ದವಳು ತಾನೇ.

ಮತ್ತೊಂದು ಕರೆ ಬಂತು. ಅವಳು ಬೇರೆ ಬಾಟಲಿ ತೊಳೆದು, ಗೆರೆಯವರೆಗೆ ನೀರು ತುಂಬಿದಳು. ರೋಗಿಯ ಮನೆಯವರು, ನೀ ಮುಂದೆ ಕೂರವ್ವ ಎಂದರು.

“ನನ್ನ ಜಾಗಾ ಇಲ್ಲೇರಿ,” ಎಂದು ಪೂನಮ್ ರೋಗಿಯ ತಲೆಯ ಹತ್ತಿರ ಕೂತಳು. ಕಣ್ಣು ಗುಳ್ಳೆಗಳ ಮೇಲಿತ್ತು.