ಕೊಸರು

ಸೇರು, ಪಾವು ಹೋಗಿ ಲೀಟರು ಬಂದ ಹೊಸತರಲ್ಲಿ ತುಮಕೂರಿನ ವಸ್ತುಪ್ರದರ್ಶನದಲ್ಲಿ ಹಳೇ ಕಾಲದ ದಿನಸಿ ಅಂಗಡಿಯೊಂದನ್ನು ಹೂಡಿದ್ದರು. ಸಾಮಾನೆಲ್ಲ ಗುಬ್ಬಿಯ ನಮ್ಮಪ್ಪನ ಅಂಗಡಿಯದು. ಅಳೆದ ಮೇಲೆ ಒಂದು ಹಿಡಿ ಕೊಸರು ಹಾಕದೆ ಅಪ್ಪ ಯಾವ ಗಿರಾಕಿಯನ್ನೂ ಕಳಿಸಿದವರಲ್ಲ. ಅದೇ ತಪ್ಪಾಗಿ, ನಮ್ಮಣ್ಣ ಅಡವಿಯಪ್ಪ ಕೊಸರು ನಿಲ್ಲಿಸಿ, ಅವರನ್ನು ಗಲ್ಲಾಪೆಟ್ಟಿಗೆಯ ಮುಂದಿನಿಂದ ಎಬ್ಬಿಸಿ ಮೂಲೆಯಲ್ಲಿ ಕೂರಿಸಿದ. ಅಪ್ಪ ಸತ್ತದ್ದೂ ಆ ಮೂಲೆಯಲ್ಲೇ. ಈಗ ಅಣ್ಣ ಅವರ ಫೋಟೋಗೆ ಹಾರ ಹಾಕಿ, ಬಂದವರಿಗೆಲ್ಲ ಕೈಮುಗಿಯುತ್ತಿದ್ದ.

"ಮೂಟೆ ಮುಟ್ಬೇಡ ಕಣೇ ಬಸಮ್ಮಾ, ಒಳಗೆಲ್ಲ ಬರೀ ಹೊಟ್ಟು," ಅಂದ.

ಹೊರಗೆ ಸುಡುಬಿಸಿಲು. ಒಳಗೆ ನೆಲ ಅಂಗಾಲನ್ನು ಕೊರೆಯುವಷ್ಟು ತಣ್ಣಗಿತ್ತು. ಎಲ್ಲಿಂದಲೋ ಹುರಿಗಡಲೆಯ ವಾಸನೆ ಬರುತ್ತಿತ್ತು. ಪೇಪರಿನವನೊಬ್ಬ ಕ್ಯಾಮೆರಾ ಎತ್ತಿದ. ಅಣ್ಣ ಖಾಲಿ ಪಾವನ್ನು ನನ್ನ ಖಾಲಿ ಚೀಲಕ್ಕೆ ಸುರಿದಂತೆ ಮಾಡಿ ನಕ್ಕ.

"ಕೊಸರು ಹಾಕಲ್ವೇನಣ್ಣ?" ಬೇಕಂತಲೇ ಕೇಳಿದೆ.

ಅವನು ಮುಖ ತಿರುಗಿಸಿದ. ಅವನ ಎರಡೂ ಕೈ ಪಾವಿನ ಮೇಲೇ ಇದ್ದವು. ಆಗ ನನ್ನ ಚೀಲ ಒಂದಿಷ್ಟು ಕೆಳಕ್ಕೆ ಜಗ್ಗಿತು.

ಮನೆಗೆ ಬಂದು ಅಮ್ಮನ ಮುಂದೆ ಚೀಲ ಕೊಡವಿದೆ. ಒಂದು ಹಿಡಿ ಹುರಿಗಡಲೆ ಬಿತ್ತು. ಇನ್ನೂ ಬಿಸಿಯಾಗಿತ್ತು.

ಅಮ್ಮ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು.

"ಅಡವಿಯಪ್ಪಂಗೆ ಹೇಳ್ಬೇಡ ಕಣೇ," ಅಂದಳು. "ಇದನ್ನೂ ನಿಲ್ಲಿಸ್ಬುಡ್ತಾನೆ."