ಅವಳು ನೋಡುತ್ತಿದ್ದಳು, ಅವನು ಕೇಳುತ್ತಿದ್ದ

ಹೊಸದಾಗಿ ಬಂದು ಪಕ್ಕದ ಕುರ್ಚಿಯಲ್ಲಿ ಕೂತವನು ಮೊದಲ ದಿನವೇ ಕಣ್ಣು ಮುಚ್ಚಿಕೊಂಡು ಕೂತಿದ್ದನ್ನು ನೋಡಿ, ಸಂಬಳ ತಗೊಂಡು ನಿದ್ದೆ ಮಾಡುವ ಗಿರಾಕಿ ಇವನು ಎಂದು ಅವಳು ತೀರ್ಮಾನಿಸಿಬಿಟ್ಟಳು. ಅವನೂ ಅವಳ ಬಗ್ಗೆ ಅಷ್ಟೇ ಬೇಗ ತೀರ್ಮಾನಕ್ಕೆ ಬಂದಿದ್ದ. ಎರಡೆರಡು ಸಲ ಮಾತಾಡಿಸಿದರೂ ಕತ್ತು ತಿರುಗಿಸದ ಹುಡುಗಿಗೆ ಭಾರೀ ಜಂಬ ಇರಬೇಕು ಅಂದುಕೊಂಡ. ಅವಳ ಎರಡೂ ಕಿವಿಯಲ್ಲಿ ಹತ್ತಿ ಇದ್ದದ್ದು ಅವನಿಗೆ ಕಂಡಿರಲಿಲ್ಲ.

ಬೇಗ ತೀರ್ಮಾನ ಮಾಡುವುದೇ ಆ ಆಫೀಸಿನ ಕೆಲಸವಾಗಿತ್ತು. ಜನ ತಮ್ಮ ಫೋನಿನಿಂದ ಹಾಕಿದ ವಿಡಿಯೊಗಳಲ್ಲಿ ಯಾವುದರ ಮೇಲೆ ಯಾರು ದೂರು ಕೊಟ್ಟರೂ ಅದು ಬಂದು ಬೀಳುತ್ತಿದ್ದದ್ದು ಇವರ ಮುಂದೆ. ನೋಡಬೇಕು, ಕೇಳಬೇಕು, ಕೆಳಗಿರುವ ಎರಡು ಬಟನ್‌ಗಳಲ್ಲಿ ಒಂದನ್ನು ಒತ್ತಬೇಕು. 'ಇರಲಿ', ಇಲ್ಲವೇ 'ತೆಗಿ'. ಇಟ್ಟರೆ ಇಂಥ ಹೊಲಸನ್ನು ಯಾಕೆ ಇಟ್ಟಿರಿ ಎಂದು ಒಂದು ಗುಂಪು ಬೈಯುತ್ತಿತ್ತು. ತೆಗೆದರೆ ನಮ್ಮ ಬಾಯಿ ಮುಚ್ಚಿಸ್ತೀರಾ ಎಂದು ಇನ್ನೊಂದು ಗುಂಪು ಮೈಮೇಲೆ ಬರುತ್ತಿತ್ತು. ಬೈಸಿಕೊಳ್ಳುವವರ ಹೆಸರು, ಮುಖ ಯಾರಿಗೂ ಗೊತ್ತಿರಲಿಲ್ಲ ಅನ್ನುವುದೊಂದೇ ಪುಣ್ಯ.

ಅವಳ ಅತ್ತಿಗೆಗೆ ಮಾತ್ರ ಇದು ಸ್ವರ್ಗದ ಕೆಲಸ. ದಿನವೆಲ್ಲ ಎಸಿಯಲ್ಲಿ ಕೂತು ವಿಡಿಯೊ ನೋಡುವುದಕ್ಕೆ ಸಂಬಳ ಕೊಡುತ್ತಾರೆ, ಇವಳ ಅದೃಷ್ಟ ಯಾರಿಗುಂಟು ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ಬರುತ್ತಿದ್ದಳು. ಇವಳು ಅದನ್ನು ತಿದ್ದಲು ಹೋಗಿರಲಿಲ್ಲ. ಸಂಜೆ ಮನೆಗೆ ಬಂದ ಕೂಡಲೇ ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಮಗು ಅತ್ತೆ ಅತ್ತೆ ಅಂತ ಬಾಗಿಲು ತಟ್ಟುತ್ತೆ, ನಿನಗೆ ಅಷ್ಟೂ ಪುರಸೊತ್ತಿಲ್ಲವಾ ಎಂದು ಅತ್ತಿಗೆ ಆಕ್ಷೇಪಿಸಿದರೆ, ತಲೆನೋವು ಅಂದುಬಿಡುತ್ತಿದ್ದಳು.

ಆಫೀಸಿನವರು ಅವಳಿಗೆ 'ಮ್ಯೂಟ್ ಮೇಡಂ' ಎಂದು ಹೆಸರಿಟ್ಟಿದ್ದರು. ಚಿತ್ರ ಎಷ್ಟೇ ಕೆಟ್ಟದಿದ್ದರೂ ಅವಳು ನೋಡಿಬಿಡುತ್ತಿದ್ದಳು. ತಡೆಯಲಾಗದ್ದು ಶಬ್ದ. ಒಮ್ಮೆ ಕೇಳಿದ ಕೂಗು ಮನೆವರೆಗೂ ಬೆನ್ನು ಹತ್ತಿ ಬರುತ್ತಿತ್ತು, ಬಚ್ಚಲಿನ ನಲ್ಲಿ ತಿರುಗಿಸಿದರೆ ಅದರೊಳಗೂ ಯಾರೋ ಅತ್ತ ಹಾಗಾಗುತ್ತಿತ್ತು. ಹೊಸಬನಿಗೆ ವಾರದೊಳಗೇ 'ರೇಡಿಯೊ' ಎಂಬ ಹೆಸರು ಬಿತ್ತು. ಮುಚ್ಚಿಹೋದ ಯಾವುದೋ ರೇಡಿಯೊ ಸ್ಟೇಷನ್ನಿನಲ್ಲಿ ಕೆಲಸ ಮಾಡಿದ್ದವನು. ಏನನ್ನು ಕೇಳಿಸಿದರೂ ಅವನ ಕಿವಿ ತಡೆದುಕೊಳ್ಳುತ್ತಿತ್ತು. ಕಣ್ಣಿಗೆ ಬಿದ್ದದ್ದು ಮಾತ್ರ ರೆಪ್ಪೆಯ ಒಳಗೇ ಉಳಿದುಬಿಡುತ್ತಿತ್ತು.

ಇದು ಬಯಲಾದದ್ದು ನೀರಿನ ಫಿಲ್ಟರ್ ಹತ್ತಿರ. ಲೋಟ ಹಿಡಿದು ನಿಂತವನನ್ನು ನೋಡಿ, ಹತ್ತಿ ತೆಗೆದು, ನಿದ್ದೆ ಮುಗೀತಾ ಎಂದು ಅವಳು ಕೇಳಿದಳು. ನಿಮಗೆ ಮಾತು ಬರುತ್ತೆ ಅಂತಲೇ ಗೊತ್ತಿರಲಿಲ್ಲ ಎಂದ ಅವನು. ಹಾಗೆ ಚುಚ್ಚಿಕೊಳ್ಳುತ್ತಲೇ ಇಬ್ಬರೂ ನಿಜ ಹೇಳಿಕೊಂಡರು. ಅವನು ನೀರು ಕುಡಿದು ಮುಗಿಸಿ ಲೋಟ ಕೆಳಗಿಟ್ಟ.

"ಹಾಗಾದ್ರೆ ನೀವು ನೋಡಿ, ನಾನು ಕೇಳ್ತೀನಿ," ಅಂದ. "ಇಬ್ಬರನ್ನೂ ಕೂಡಿಸಿದ್ರೆ ಒಬ್ಬ ಪೂರ್ತಿ ಮನುಷ್ಯ ಆಗ್ತೀವಿ."

ಅವಳಿಗೆ ನಗು ಬಂತು. ಆ ಕಟ್ಟಡದಲ್ಲಿ ನಕ್ಕು ಎಷ್ಟು ಕಾಲವಾಗಿತ್ತೋ ಅವಳಿಗೇ ನೆನಪಿರಲಿಲ್ಲ.

ಅಂದಿನಿಂದ ಎರಡು ಕುರ್ಚಿ ಒಂದೇ ಕಂಪ್ಯೂಟರಿನ ಮುಂದೆ ಬಂದವು. ಒಂದು ವಿಡಿಯೊ ಅವಳ ಪಾಲಿನದು, ಮುಂದಿನದು ಅವನ ಪಾಲಿನದು. ಹೆಡ್‌ಫೋನ್ ಅವನ ಕಿವಿಗೆ, ಪರದೆ ಅವಳ ಕಡೆಗೆ. ಅವಳು ಕಂಡದ್ದನ್ನು ಮೆಲ್ಲಗೆ ಹೇಳುತ್ತಿದ್ದಳು, ಅವನು ಕೇಳಿದ್ದನ್ನು ಹೇಳುತ್ತಿದ್ದ, ಆಮೇಲೆ ಇಬ್ಬರೂ ಸೇರಿ ಬಟನ್ ಒತ್ತುತ್ತಿದ್ದರು. ನಿಯಮದ ಪ್ರಕಾರ ಇದು ತಪ್ಪು. ಆದರೆ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುತ್ತಿದ್ದರಿಂದ ಟೀಮ್ ಲೀಡರ್ ಕಂಡೂ ಕಾಣದಂತೆ ಇದ್ದ.

ಕಣ್ಣು ಮುಚ್ಚಿದ ಗಂಡಸನ್ನು ನೋಡುವುದರಲ್ಲಿ ಒಂದು ಅನುಕೂಲವಿದೆ, ನಾಚಿಕೊಳ್ಳಬೇಕಾಗಿಲ್ಲ. ಅವಳು ಬೇಕಾದಷ್ಟು ನೋಡಿದಳು. ಅವನ ಎಡ ಹುಬ್ಬಿನಲ್ಲಿ ಕೂದಲು ಹುಟ್ಟದ ಒಂದು ಚಿಕ್ಕ ಜಾಗವಿತ್ತು. ಒಳ್ಳೆಯದೇನಾದರೂ ಕಿವಿಗೆ ಬಿದ್ದರೆ, ಯಾರದೋ ಮನೆಯ ನಾಯಿ ಬೊಗಳಿದರೂ ಸಾಕು, ತುಟಿಯ ಒಂದು ಕೊನೆ ಮಾತ್ರ ಮೇಲೆ ಹೋಗುತ್ತಿತ್ತು.

"ಪರದೆ ಆ ಕಡೆ ಇದೆ," ಎಂದನೊಮ್ಮೆ, ಕಣ್ಣು ತೆರೆಯದೆ.

"ನಾನು ಪರದೇನೇ ನೋಡ್ತಿರೋದು."

"ಪರದೆ ನೋಡೋವಾಗ ನೀವು ಉಸಿರು ಬಿಗಿ ಹಿಡೀತೀರ. ಈಗ ಆರಾಮಾಗಿ ಬಿಡ್ತಿದೀರ."

ಅವಳ ಕೆನ್ನೆ ಬಿಸಿಯಾಯಿತು. ಕಣ್ಣು ಮುಚ್ಚಿದವನಿಂದ ಕಣ್ಣು ತಪ್ಪಿಸುವ ಗತಿ ಬಂತಲ್ಲ ಎಂದು ತನ್ನ ಮೇಲೇ ಸಿಟ್ಟಾದಳು. ಆದರೆ ಮಾರನೆಯ ದಿನ ಅಲಾರಂ ಹೊಡೆಯುವ ಮುಂಚೆಯೇ ಎದ್ದಳು. ಕೆಲಸ ಎಂದಿನಷ್ಟೇ ಹೊಲಸಾಗಿತ್ತು, ಮೈ ಎಂದಿನಷ್ಟೇ ಸೋತಿತ್ತು. ಆ ಸುಸ್ತಿಗೆ ಒಬ್ಬ ಜೊತೆಗಾರ ಸಿಕ್ಕಿದ್ದ, ಅಷ್ಟೇ ವ್ಯತ್ಯಾಸ. ಇವನಿಲ್ಲದೆ ನನ್ನಿಂದ ಆಗದು ಎಂದು ಅವಳಿಗೆ ಅನ್ನಿಸತೊಡಗಿತು.

ಪ್ರೀತಿ ಬಂದಾಗ ಅದರ ಹಿಂದೆಯೇ ಮರೆಮಾಚುವುದೂ ಬಂತು. ಒಂದು ದಿನ ಅವಳು ಏನೋ ವಿವರಿಸುತ್ತಿದ್ದಾಗ ಅವನು ಹೆಡ್‌ಫೋನ್ ಕಿತ್ತಿಟ್ಟು ಎದ್ದುಹೋದ. ವಾಂತಿ ಮಾಡಿಕೊಂಡು ಮುಖ ತೊಳೆದು ಬಂದ. ಅಂದಿನಿಂದ ಅವಳು ಮಾತನ್ನು ಅಳೆದು ಆಡತೊಡಗಿದಳು. ರಕ್ತ ಇದ್ದರೆ ಗಾಯ ಎಂದಳು, ಗಾಯ ಇದ್ದರೆ ಗಲಾಟೆ ಎಂದಳು. ತಾನೊಬ್ಬಳೇ ನುಂಗಿಕೊಂಡರೆ ಏನು ಮಹಾ ಎಂದುಕೊಂಡಳು. ಅವನೂ ಹಾಗೇ ಮಾಡುತ್ತಿರಬಹುದು ಎಂದು ಅವಳಿಗೆ ಹೊಳೆಯಲೇ ಇಲ್ಲ.

ಹಾಗಿರುವಾಗ ಕಾರ್ಖಾನೆಯ ಗೇಟಿನ ಮುಂದೆ ನಿಂತ ಹೆಂಗಸಿನ ವಿಡಿಯೊ ಬಂತು. ನೂರಾರು ಜನ ಒಟ್ಟಿಗೆ ದೂರು ಕೊಟ್ಟಿದ್ದರು. ಇಂಥದಕ್ಕೆ ನಿಯಮ ಸ್ಪಷ್ಟವಾಗಿತ್ತು. ಬೆದರಿಕೆ ಹಾಕಿದ್ದರೆ ತೆಗೆಯಬೇಕು. ಆದರೆ ತನಗಾದ ಅನ್ಯಾಯವನ್ನು ಹೇಳಿಕೊಳ್ಳುವವರು ಎಷ್ಟೇ ಸಿಟ್ಟಿನಲ್ಲಿ ಬಾಯಿ ಬಿಟ್ಟರೂ ಇರಲಿ ಎಂದೇ ಒತ್ತಬೇಕು.

ಅವಳು ನೋಡಿದಳು. ನೋಡಿ, "ಒಬ್ಬ ಹೆಂಗಸು. ಗೇಟಿನ ಮುಂದೆ ನಿಂತು ಕೈ ಬೀಸ್ತಿದಾಳೆ. ಕೈಯಲ್ಲೇನೋ ಕಾಗದ ಇದೆ," ಎಂದಳು.

ಅವನು ಕೇಳಿದ. ಕೇಳಿ, ಹೆಡ್‌ಫೋನ್ ತೆಗೆದಿಟ್ಟ. "ಮಾಲೀಕನ ಹೆಸರು ಹಿಡಿದು ಬೈತಿದಾಳೆ. ನಿನ್ನನ್ನ ಬಿಡಲ್ಲ ಅಂತಿದಾಳೆ," ಎಂದ.

ಇಬ್ಬರ ಮಾತಿನಲ್ಲೂ ಒಂದಕ್ಷರ ಸುಳ್ಳಿರಲಿಲ್ಲ. ಬೆದರಿಕೆ ಹಾಗಾದರೆ ಎಂದು ಅವಳು 'ತೆಗಿ' ಒತ್ತಿದಳು. ಮುಂದಿನ ವಿಡಿಯೊ ಬಂತು.

ಕೆಲವು ವಾರದ ನಂತರ ಲೀಡರ್ ಇಬ್ಬರನ್ನೂ ತನ್ನ ರೂಮಿಗೆ ಕರೆದ. ಆ ಹೆಂಗಸು ಮತ್ತೆ ಮತ್ತೆ ಮೇಲ್ಮನವಿ ಹಾಕಿದ್ದಳು. ಕೇಳಿದ್ದು ಒಂದೇ ಪ್ರಶ್ನೆ, ನಾನು ಹೇಳಿದ್ದರಲ್ಲಿ ಯಾವ ಮಾತು ಸುಳ್ಳು ಅಂತ ತೆಗೆದಿರಿ ಎಂದು. ಲೀಡರ್ ಗೋಡೆಯ ದೊಡ್ಡ ಪರದೆಯ ಮೇಲೆ ವಿಡಿಯೊ ಹಾಕಿದ. ಚಿತ್ರವೂ ಇತ್ತು, ಶಬ್ದವೂ ಇತ್ತು. ಅವಳಿಗೆ ಕಿವಿ ಮುಚ್ಚಿಕೊಳ್ಳುವಂತಿರಲಿಲ್ಲ, ಅವನಿಗೆ ಕಣ್ಣು ಮುಚ್ಚಿಕೊಳ್ಳುವಂತಿರಲಿಲ್ಲ.

ಹೆಂಗಸಿನ ಕೈಯಲ್ಲಿದ್ದ ಕಾಗದ ಒಂದು ಫೋಟೋ. ಹಾಸಿಗೆಯ ಮೇಲೆ ಮಲಗಿದ್ದ ಅವಳ ಗಂಡನಿಗೆ ಎರಡೂ ತೋಳು ಮೊಣಕೈವರೆಗೆ ಮಾತ್ರ ಇದ್ದವು. ಮೆಷಿನ್ನಿನ ಕವಚ ಮುರಿದಿದೆ ಎಂದು ಅವನು ಹೇಳಿದ್ದ, ಬಾಯಿ ಮುಚ್ಚಿಕೊಂಡು ಕೆಲಸ ಮಾಡು ಅಂದಿದ್ದರು ಎಂದು ಅವಳು ಹೇಳುತ್ತಿದ್ದಳು. ಬೈಗುಳ ಇತ್ತು, ಬಿಡಲ್ಲ ಅನ್ನುವ ಮಾತೂ ಇತ್ತು. ಆಮೇಲೆ ಅವಳ ದನಿ ಇಳಿಯಿತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವನು ಅಂಗೈ ತುರಿಸ್ತಿದೆ, ಕೆರಿ ಅಂದ. ಡಾಕ್ಟರು ಅವನಿಗೆ ಹೇಳಿರಲಿಲ್ಲ. ನಮ್ಮತ್ತೆ ಹೇಳದೆ ಹೊರಗೆ ಹೋದರು. ನಾನೇ ಹೇಳಿದೆ, ಕೈ ಇಲ್ಲ ಕಣೋ ಅಂತ. ಸಾಯುವ ಮುಂಚೆ ಅವನು ನನ್ನೊಬ್ಬಳ ಮಾತನ್ನೇ ನಂಬಿದ್ದು.

ವಿಡಿಯೊ ಮುಗಿಯಿತು. ಯಾರು ಒತ್ತಿದ್ದು ಎಂದು ಲೀಡರ್ ಕೇಳಿದ. ನಾನು ಎಂದಳು ಅವಳು, ಕೇಳಿ ಹೇಳಿದ್ದು ನಾನು ಎಂದ ಅವನು. ಲೀಡರ್ ಕೆಟ್ಟವನೇನಲ್ಲ, ಅವನಿಗೂ ಸಾಕಾಗಿತ್ತು. ವಿಡಿಯೊ ವಾಪಸ್ ಹಾಕಿಸಿದ್ದೇನೆ ಎಂದ. ಆದರೆ ಅಷ್ಟರಲ್ಲಿ ಕಾರ್ಖಾನೆಯ ವಿಚಾರಣೆ ಮುಗಿದು, ಯಾರದೂ ತಪ್ಪಿಲ್ಲ ಎಂದು ಬರೆದಾಗಿತ್ತು. ಜನ ಬೇರೆ ಸುದ್ದಿಗೆ ಹೋಗಿದ್ದರು. ನಾಳೆಯಿಂದ ಇಬ್ಬರೂ ಬೇರೆ ಬೇರೆ ಮಹಡಿ, ಅವರವರದು ಅವರೇ ನೋಡಿ, ಅವರೇ ಕೇಳಿ, ಆಗದಿದ್ದರೆ ಕೆಲಸ ಬಿಡಿ ಎಂದು ಹೇಳಿ ಕಳಿಸಿದ.

ಸಂಜೆ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ನಡುವೆ ಜಾಗ ಬಿಟ್ಟು ಕೂತರು. ಅವಳ ಬಸ್ ಬಂದು ಹೋಯಿತು, ಅವಳು ಏಳಲಿಲ್ಲ.

"ಆ ಅಂಗೈ ಮಾತು ನನಗ್ಯಾಕೆ ಹೇಳಲಿಲ್ಲ?"

"ಅವತ್ತು ಬೆಳಿಗ್ಗೆಯಿಂದ ನಿಮ್ಮ ಕೈ ನಡುಗ್ತಿತ್ತು. ಹೇಗೆ ಹೇಳ್ಲಿ?"

"ನಡುಗಲಿ. ನನ್ನ ಕೈ ತಾನೇ."

"ನೀವು ಫೋಟೋ ಅಂದ್ರಾ? ಕಾಗದ ಅಂದ್ರಿ."

"ಅದಕ್ಕೂ ಮುಂಚೆ ನಾನು ಹೇಳಿದ್ದನ್ನ ಕೇಳಿ ನೀನು ವಾಂತಿ ಮಾಡ್ಕೊಂಡು ಬಂದಿದ್ದೆ. ಇದನ್ನೂ ತಗೊಂಡು ಹೇಗೆ ನಿನ್ನ ತಲೆಗೆ ತುಂಬ್ಲಿ?"

ಸಿಟ್ಟಿನಲ್ಲಿ ಏಕವಚನ ಬಂದುಬಿಟ್ಟಿತ್ತು. ಇಬ್ಬರೂ ಅದನ್ನು ಗಮನಿಸಿದರು, ಯಾರೂ ತಿದ್ದಲಿಲ್ಲ. ಹೀಗೆ ಇನ್ನೆಷ್ಟು ಜನರ ಬಾಯಿ ಮುಚ್ಚಿಸಿದ್ದೀವೋ ಎಂದು ಅವನು ಅಂದ. ಅವಳಿಗೆ ಅಳಬೇಕು ಅನ್ನಿಸಿತು, ಅಳುವುದಕ್ಕೂ ಶಕ್ತಿ ಇರಲಿಲ್ಲ. ಇವನು ಕೈ ತಪ್ಪಿ ಹೋದಾನು ಎಂದು ಬೆಳಿಗ್ಗೆವರೆಗೂ ಅವಳಿಗೆ ಭಯವಿತ್ತು. ಈಗ ಇವನು ಸಿಕ್ಕರೂ ಭಯವೇ. ಒಂದೇ ಮನೆಯಲ್ಲಿ ಇಬ್ಬರು ಒಳ್ಳೆಯವರು, ಒಬ್ಬರ ಒಳ್ಳೆಯದಕ್ಕೆ ಇನ್ನೊಬ್ಬರು ಮುಚ್ಚಿಡುತ್ತ, ಕೊನೆಗೆ ಪರಸ್ಪರ ಏನೂ ಗೊತ್ತಿಲ್ಲದೆ ಮುದುಕರಾಗುವುದು ಅವಳ ಕಣ್ಣ ಮುಂದೆ ಬಂತು.

"ಅಮ್ಮನ ಹತ್ರ ನಿನ್ನ ವಿಷಯ ಹೇಳಿದೀನಿ," ಎಂದ ಅವನು, ರಸ್ತೆ ನೋಡುತ್ತ.

"ಏನಂತ?"

"ಒಳ್ಳೇ ಹುಡುಗಿ, ಶಾಂತ ಸ್ವಭಾವ ಅಂತ."

"ಅಲ್ಲೂ ಅರ್ಧಾನೇ ಹೇಳಿದೀಯ."

ಅವನ ತುಟಿಯ ಕೊನೆ ಒಂದು ಕ್ಷಣ ಅಲುಗಿತು. ಅವಳು ಬೆಂಚಿನ ಮೇಲೆ ಅವನ ಕಡೆ ತಿರುಗಿ ಕೂತಳು. ಉಳಿದರ್ಧ ಕೇಳು ಎಂದು ಶುರುಮಾಡಿದಳು. ಅಣ್ಣನ ಮಗುವನ್ನು ಎತ್ತಿಕೊಂಡು ತಿಂಗಳುಗಳೇ ಆಗಿವೆ ಎಂದಳು. ಅದು ಓಡಿ ಬಂದರೆ ತನಗೆ ಕಾಣುವುದು ಅದಲ್ಲ, ಒಂದು ವಿಡಿಯೊದಲ್ಲಿ ನೋಡಿದ ಬೇರೆ ಮಗು. ಅದನ್ನು ಯಾರಿಗೂ ಹೇಳಿಲ್ಲ, ಮನೆಯಲ್ಲಿ ತಲೆನೋವು ಅನ್ನುತ್ತೇನೆ. ನನಗೆ ಮಕ್ಕಳು ಬೇಕು ಅಂತ ಇನ್ನು ಯಾವತ್ತಾದರೂ ಅನ್ನಿಸುತ್ತೋ ಇಲ್ಲವೋ ಗೊತ್ತಿಲ್ಲ, ಅದನ್ನು ನಿನ್ನಮ್ಮನಿಗೂ ಹೇಳು ಎಂದಳು.

ಎಲ್ಲ ಸರಿಹೋಗುತ್ತೆ ಎಂದು ಅವನು ಅನ್ನಲಿಲ್ಲ. ಆ ಮಗುವಿಗೆ ಏನಾಗಿತ್ತು ಎಂದು ಕೇಳಿದ. ಅವಳು ಹೇಳಿದಳು, ಒಂದೂ ಬಿಡದೆ. ಹೇಳುವಾಗ ಅವನ ಮುಖ ಬಿಳುಚಿಕೊಂಡದ್ದು ಕಂಡಿತು, ಆದರೂ ನಿಲ್ಲಿಸಲಿಲ್ಲ.

ಆಮೇಲೆ ಅವನ ಸರದಿ. ಇಂಥದೇ ಇನ್ನೊಂದು ಆಫೀಸಿನಲ್ಲಿದ್ದಾಗ ಒಮ್ಮೆ ಮದುವೆ ಗೊತ್ತಾಗಿತ್ತು ಎಂದ. ಇವರು ನನ್ನ ಮುಖವನ್ನೇ ನೋಡಲ್ಲ ಎಂದು ಆ ಹುಡುಗಿ ಬೇಡ ಅಂದಳು, ಅವಳು ಹೇಳಿದ್ದು ನಿಜ.

"ಯಾರ ಮುಖ ನೋಡಿದ್ರೂ ಸತ್ತ ಮೇಲೆ ಅದು ಹೇಗಿರುತ್ತೆ ಅಂತ ಕಾಣುತ್ತೆ," ಎಂದ. "ನಿನ್ನದೂ ಕಾಣುತ್ತೆ."

ಅವಳಿಗೆ ಎದ್ದು ಹೋಗಿಬಿಡಲೇ ಅನ್ನಿಸಿತು. ಹೋಗಲಿಲ್ಲ.

"ಹೇಗಿರುತ್ತೆ ನನ್ನದು?"

ಅವನು ಅವಳನ್ನು ನೋಡಿದ. ಸುಳ್ಳು ಹೇಳಲು ಸಾಕಷ್ಟು ಹೊತ್ತು ಸಿಕ್ಕಿತ್ತು, ಹೇಳಲಿಲ್ಲ. "ಸುಸ್ತಾಗಿರುತ್ತೆ," ಎಂದ. "ಈಗಿರೋ ಹಾಗೇನೇ."

ಮೊದಲು ನಕ್ಕದ್ದು ಅವಳು. ನಗು ತಡೆಯಲಾಗದೆ ಬೆಂಚು ಹಿಡಿದುಕೊಂಡಳು, ನಗುತ್ತಲೇ ಕಣ್ಣೀರು ಬಂತು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಅವನೂ ನಕ್ಕ. ಅವಳು ಮುಖ ಒರೆಸಿಕೊಂಡು, ಇಷ್ಟೆಲ್ಲ ಕೇಳಿದ ಮೇಲೂ ನಾನು ಬೇಕಾ ಎಂದು ಕೇಳಿದಳು.

"ಕೇಳಿದ್ದಕ್ಕೇ ಬೇಕು. ನಿನಗೆ?"

"ನನಗೆ ಒಂದೇ ಆಸೆ," ಎಂದಳು. "ನನಗೆ ಕೈ ಇಲ್ಲದ ದಿನ, ಕೈ ಇಲ್ಲ ಕಣೇ ಅಂತ ಹೇಳೋರು ಬೇಕು. ಆವಾಗ ನೀನು ಎದ್ದು ಹೊರಗೆ ಹೋಗಬಾರದು."

"ಹೋಗಲ್ಲ," ಎಂದ ಅವನು. "ಅಲ್ಲೇ ಕೂತು ಹೇಳ್ತೀನಿ."