ಎರಡನೇ ಗೇರಿನಲ್ಲಿ ಬಂದವನು

ಶನಿವಾರ ಬೆಳಿಗ್ಗೆ ಕ್ಲಾಯ್ಡ್‌ನ ಹಳೆಯ ಕಾರು ಕಾಪುವಿನಿಂದ ಕಟಪಾಡಿಯವರೆಗೆ ಎರಡನೇ ಗೇರಿನಲ್ಲೇ ಕಿರುಚುತ್ತಾ ಬಂದು ನಮ್ಮ ಗ್ಯಾರೇಜಿನ ಮುಂದೆ ನಿಂತಿತು. ಡ್ಯಾಡಿಯ ಮಂಡಿ ಕೈಕೊಟ್ಟ ಮೇಲೆ ಅವರು ಬಾಗಿಲಲ್ಲಿ ಕುರ್ಚಿ ಹಾಕಿ ಪೇಪರ್ ಓದುತ್ತಾರೆ. ಗ್ಯಾರೇಜ್ ನೋಡಿಕೊಳ್ಳುವುದು ನಾನೇ, ಡೈನಾ. ಈ ಕ್ಲಾಯ್ಡ್ ಶಾರ್ಜಾದಿಂದ ರಜೆಯಲ್ಲಿ ಬಂದು ಎರಡು ವಾರ ಆಗಿದೆ. ಇದು ಇಲ್ಲಿಗೆ ಅವನ ನಾಲ್ಕನೇ ಭೇಟಿ.

"ಎಂತ ಮಾಡಿದಿರಿ ಪುನಃ?"

"ಗೇರ್ ಬೀಳುವುದೇ ಇಲ್ಲ. ಸಂಜೆ ಬೆಳ್ಮಣ್‌ಗೆ ಹೋಗಲಿಕ್ಕುಂಟು. ಹುಡುಗಿ ನೋಡಲಿಕ್ಕೆ."

ಹೇಳಿ ನನ್ನ ಮುಖವನ್ನೇ ನೋಡಿದ. ನಾನು ಸ್ಪ್ಯಾನರ್ ಹುಡುಕುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಲೆಕ್ಕ ನನಗೂ ಗೊತ್ತಿತ್ತು. ಮದುವೆಗೆ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಇಬ್ಬರ ಹೆಸರು ಓದಬೇಕು. ಅವನ ರಜೆಯಲ್ಲಿ ಉಳಿದಿರುವುದೂ ಮೂರೇ ಭಾನುವಾರ. ಆ ಹುಡುಗಿ ಇವತ್ತು ಒಪ್ಪಿದರೆ ನಾಳೆಯೇ ಓದುತ್ತಾರೆ. ಆಮೇಲೆ ನಾನು ಇವನನ್ನು ಮರೆಯಬೇಕು, ಅದು ನನ್ನಿಂದ ಆಗುವ ಕೆಲಸವಲ್ಲ.

"ಪಾರ್ಟ್ ಇಲ್ಲ, ಸೋಮವಾರ ಬನ್ನಿ" ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಸುಳ್ಳು ಹೇಳಿ ಒಬ್ಬನನ್ನು ಎಷ್ಟು ದಿನ ಇಟ್ಟುಕೊಳ್ಳಲಿಕ್ಕಾಗುತ್ತದೆ? ಜಾಕ್ ಕೊಟ್ಟು ಕಾರಿನಡಿಗೆ ಜಾರಿದೆ.

ಗೇರಿನ ಹಿಡಿಯಿಂದ ಗೇರ್‌ಬಾಕ್ಸಿಗೆ ಹೋಗುವ ಸರಳು ಜೋತಾಡುತ್ತಿತ್ತು. ಹೋದ ವಾರ ಅದರ ತುದಿಗೆ ನಾನೇ ಹಾಕಿದ ರಬ್ಬರ್ ಬುಶ್ ಚೆನ್ನಾಗಿಯೇ ಇತ್ತು. ಸರಳನ್ನು ಹಿಡಿದಿಡುವ ಪುಟ್ಟ ಕ್ಲಿಪ್ ಮಾತ್ರ ಇಲ್ಲ. ಪಕ್ಕದ ಗ್ರೀಸಿನ ಮೇಲೆ ಬೆರಳಿನ ಗುರುತು, ನನ್ನ ಬೆರಳಿಗಿಂತ ದಪ್ಪ.

"ಕ್ಲಾಯ್ಡ್, ಕ್ಲಿಪ್ ಎಲ್ಲುಂಟು?"

ನನ್ನ ಕಣ್ಣಿಗೆ ಕಾಣುತ್ತಿದ್ದ ಅವನ ಶೂಗಳು ಒಂದರ ಮೇಲೊಂದು ಹತ್ತಿ ಇಳಿದವು.

"ಜೇಬಿನಲ್ಲಿ," ಎಂದ ಕೊನೆಗೆ.

"ಎರಡನೇ ಗೇರ್ ಹಾಕಿಟ್ಟು ಬಿಚ್ಚಿದ್ದು, ಅಲ್ವಾ?"

"ಒಂದನೇ ಗೇರಿನಲ್ಲಿ ಬಂದಿದ್ದರೆ ಸಂಜೆ ಆಗುತ್ತಿತ್ತು ಮಾರಾಯ್ರೆ."

ನಗು ಬಂತು, ಅದರ ಬೆನ್ನಿಗೇ ಕಣ್ಣೀರೂ ಬಂತು. ಹೊರಗೆ ಬಂದು ಎದ್ದು ನಿಂತೆ.

"ಬಾಯಿಬಿಟ್ಟು ಹೇಳಲಿಕ್ಕೆ ಎಂತ ಆಗಿತ್ತು?"

"ಮೂರು ಸಲ ಹೇಳಲಿಕ್ಕೇ ಬಂದದ್ದು. ನೀವು ಪ್ರತಿ ಸಲ ಅರ್ಧ ಗಂಟೆಯಲ್ಲಿ ಸರಿ ಮಾಡಿ ಕಳಿಸಿದಿರಿ."

ಕ್ಲಿಪ್ಪನ್ನು ಅಂಗೈಯಲ್ಲಿ ಚಾಚಿದ. ನನಗೆ ಅವನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕಿತು.

"ಬೆಳ್ಮಣ್‌ಗೆ ಹೋಗಬೇಡಿ," ಎಂದೆ. "ನನಗೆ ನೀವು ಬೇಕು."

ಅವನು ಅಲ್ಲೇ ನಿಂತು ಮನೆಗೆ ಫೋನ್ ಮಾಡಿದ. "ಮಮ್ಮಿ, ಬೆಳ್ಮಣ್‌ನವರಿಗೆ ಕ್ಷಮೆ ಕೇಳಿ, ನಾವು ಬರುವುದಿಲ್ಲ. ಇಲ್ಲ ಇಲ್ಲ, ಗಾಡಿ ಸರಿಯಾಗುತ್ತದೆ. ನಾಳೆ ಚರ್ಚಲ್ಲಿ ಹೆಸರು ಓದಿಸಬೇಕು. ಕಟಪಾಡಿಯ ಡೈನಾ."

ನನಗೆ ಡ್ಯಾಡಿಯ ನೆನಪಾದದ್ದೇ ಆಗ. ಗಾಬರಿಯಿಂದ ಬಾಗಿಲ ಕಡೆ ತಿರುಗಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಹೆಸರು ಬರೆಸಲಿಕ್ಕೆ ಬೇಗ ಚರ್ಚಿಗೆ ಹೊರಡಿ ಇಬ್ಬರೂ," ಎಂದರು. "ಹನ್ನೆರಡಾದರೆ ಫಾದರ್ ಊಟಕ್ಕೆ ಏಳುತ್ತಾರೆ."